37ನೇ ವಯಸ್ಸಿನಲ್ಲಿ ಮೈಕಿನ ಮುಂದೆ: ಫಿಲಿಸ್ ಡಿಲ್ಲರ್ ಅವರ ವೃತ್ತಿಜೀವನ

ಪ್ರಶ್ನೆ: ನಾನು ಧಾರವಾಡದಲ್ಲಿ ಪ್ರೌಢಶಾಲೆಯ ಶಿಕ್ಷಕಿ. ಗಣೇಶೋತ್ಸವ, ರಾಜ್ಯೋತ್ಸವದ ಹಾಸ್ಯಸಂಜೆಗಳಲ್ಲಿ ಆಗಾಗ ಹದಿನೈದು ಇಪ್ಪತ್ತು ನಿಮಿಷ ಮಾತನಾಡುತ್ತೇನೆ. ಅಮೆರಿಕದ ಫಿಲಿಸ್ ಡಿಲ್ಲರ್ ಎಂಬುವರು ಮೊತ್ತಮೊದಲ ಮಹಿಳಾ ಸ್ಟ್ಯಾಂಡ್‌ಅಪ್ ಕಲಾವಿದೆ ಎಂದು ಓದಿದೆ. ಹಳೆಯ ವಿಡಿಯೊಗಳನ್ನು ಹುಡುಕಿ ನೋಡಿದರೆ, ಅವರು ಬಹುಪಾಲು ತಮ್ಮ ಮುಖ, ಮೈಕಟ್ಟು, ಅಡುಗೆ, ಗಂಡ ಇವನ್ನೇ ಹಾಸ್ಯ ಮಾಡಿಕೊಳ್ಳುವುದು ಕಂಡಿತು. ನಿಜಕ್ಕೂ ಅವರೇ ಮೊದಲಿಗರೇ? ತನ್ನನ್ನು ತಾನೇ ಕುರೂಪಿ ಎಂದು ಕರೆದುಕೊಂಡು ನಗಿಸಿದವರನ್ನು ಹೆಣ್ಣುಮಕ್ಕಳಿಗೆ ದಾರಿ ಮಾಡಿಕೊಟ್ಟವರು ಎನ್ನಬಹುದೇ? ಅವರು ಕೆಲಸ ಮಾಡುತ್ತಿದ್ದ ರೀತಿಯಿಂದ ನನ್ನಂಥವರು ಕಲಿಯುವಂಥದ್ದು ಏನಾದರೂ ಇದೆಯೇ?

ಉತ್ತರ: ಮೊದಲ ಪ್ರಶ್ನೆಯನ್ನು ಬೇಗ ಮುಗಿಸೋಣ, ಏಕೆಂದರೆ ಅದರ ಉತ್ತರ ಚಿಕ್ಕದು: ಅಲ್ಲ, ಅವರು ಮೊದಲಿಗರಲ್ಲ. ಡಿಲ್ಲರ್ ಅವರು ವೇದಿಕೆ ಹತ್ತುವುದಕ್ಕೆ ಎಷ್ಟೋ ವರ್ಷ ಮುಂಚೆ, ಉತ್ತರ ಕೆರೊಲಿನಾದಲ್ಲಿ ಹುಟ್ಟಿದ ಲೊರೆಟ್ಟಾ ಏಕನ್ ಎಂಬ ಕಪ್ಪು ಮಹಿಳೆ ‘ಮಾಮ್ಸ್ ಮೇಬ್ಲಿ’ ಎಂಬ ಹೆಸರಿನಲ್ಲಿ ಕಪ್ಪು ಜನರ ರಂಗಮಂದಿರಗಳ ಸುತ್ತಾಟದಲ್ಲಿ ಒಬ್ಬರೇ ನಿಂತು ನಗಿಸುತ್ತಿದ್ದರು. ನ್ಯೂಯಾರ್ಕಿನ ಹಾರ್ಲೆಮ್‌ನ ಅಪೊಲೊ ರಂಗಮಂದಿರದಲ್ಲಿ ಅವರು ಮನೆಮಾತಾಗಿದ್ದರೂ, ಬಿಳಿಯ ಪ್ರೇಕ್ಷಕರು ಅವರನ್ನು ಗುರುತಿಸಿದ್ದು 1960ರ ದಶಕದಲ್ಲಿ, ಅವರಿಗೆ ಅರವತ್ತು ದಾಟಿದ ಮೇಲೆ. ಪ್ಯಾರಿಸ್‌ನಲ್ಲಿ 1911ರಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಜೀನ್ ಕ್ಯಾರಲ್ ಅವರು 1940ರ ದಶಕದಲ್ಲಿಯೇ ಒಳ್ಳೆಯ ಗೌನು ತೊಟ್ಟು, ಯಾವ ವಿಕಾರ ವೇಷವೂ ಇಲ್ಲದೆ, ಗಂಡ, ಮಗಳು, ಅಂಗಡಿಯ ಖರೀದಿ ಇವುಗಳ ಬಗ್ಗೆ ಚುರುಕಾಗಿ ಮಾತನಾಡಿ ಎಡ್ ಸಲಿವನ್ ಅವರ ಟೆಲಿವಿಷನ್ ಕಾರ್ಯಕ್ರಮದಲ್ಲಿ ಇಪ್ಪತ್ತಕ್ಕೂ ಹೆಚ್ಚು ಬಾರಿ ಕಾಣಿಸಿಕೊಂಡವರು. ಇವರಿಬ್ಬರನ್ನು ಮರೆತು ಡಿಲ್ಲರ್ ಅವರಿಗೆ ‘ಮೊದಲಿಗರು’ ಎಂಬ ಪಟ್ಟ ಕಟ್ಟುವುದು ಅನ್ಯಾಯ, ಅದರಲ್ಲಿಯೂ ಮೇಬ್ಲಿ ಅವರಿಗೆ ದೊಡ್ಡ ಅನ್ಯಾಯ.

ಹಾಗಾದರೆ ಡಿಲ್ಲರ್ ಅವರನ್ನು ಪ್ರವರ್ತಕರೆಂದು ಕರೆಯುವುದೇಕೆ? ಹಾಡು, ಕುಣಿತ, ಜೊತೆಗಾರ ಯಾವುದರ ಆಸರೆಯೂ ಇಲ್ಲದೆ ಬರಿಯ ಮಾತಿನಿಂದ, ಒಂದರ ಹಿಂದೊಂದು ಬರುವ ಒಂದೆರಡು ಸಾಲಿನ ಚಟಾಕಿಗಳಿಂದ, ಒಬ್ಬ ಹೆಂಗಸು ಸುಮಾರು ಐದು ದಶಕ ಅಮೆರಿಕದ ಮುಖ್ಯ ವೇದಿಕೆಗಳಲ್ಲಿ ಪ್ರಧಾನ ಕಲಾವಿದೆಯಾಗಿ ಬಾಳಬಹುದು ಎಂಬುದನ್ನು ಅವರು ತೋರಿಸಿಕೊಟ್ಟರು. ಆ ಬಾಳುವೆಗೆ ಬೇಕಾದ ದುಡಿಮೆಯ ಕ್ರಮವನ್ನೂ ಅವರೇ ರೂಪಿಸಿಕೊಂಡರು. ನನ್ನ ದೃಷ್ಟಿಯಲ್ಲಿ ಅವರ ವೇಷಕ್ಕಿಂತ ಈ ಕ್ರಮವೇ ದೊಡ್ಡದು, ಮತ್ತು ನಿಮ್ಮ ಎರಡನೆಯ, ಮೂರನೆಯ ಪ್ರಶ್ನೆಗಳಿಗೆ ಉತ್ತರ ಇರುವುದೂ ಅಲ್ಲಿಯೇ.

ಅವರು ಹುಟ್ಟಿದ್ದು 1917ರ ಜುಲೈ 17ರಂದು, ಒಹಾಯೊ ರಾಜ್ಯದ ಲೈಮಾ ಎಂಬ ಊರಿನಲ್ಲಿ. ತಂದೆ ತಾಯಿಗೆ ವಯಸ್ಸಾದ ಮೇಲೆ ಹುಟ್ಟಿದ ಒಬ್ಬಳೇ ಮಗಳು. ಕಲಿತದ್ದು ಪಿಯಾನೊ, ಅದೂ ಷಿಕಾಗೊದ ಸಂಗೀತ ಶಾಲೆಯಲ್ಲಿ, ಶಾಸ್ತ್ರೀಯವಾಗಿ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಅನಂತರ ಒಹಾಯೊದ ಬ್ಲಫ್‌ಟನ್ ಕಾಲೇಜಿಗೆ ಸೇರಿ, ಅಲ್ಲಿಂದಲೇ 1939ರಲ್ಲಿ ಷೆರ್ವುಡ್ ಡಿಲ್ಲರ್ ಅವರನ್ನು ಮದುವೆಯಾದರು. ಆರು ಮಕ್ಕಳು ಹುಟ್ಟಿ, ಒಂದು ಕೂಸು ಹಸುಗೂಸಾಗಿದ್ದಾಗಲೇ ತೀರಿಕೊಂಡು, ಐವರು ಉಳಿದರು. ಕ್ಯಾಲಿಫೋರ್ನಿಯಾದ ಅಲಮೀಡಾದಲ್ಲಿ ಸಂಸಾರ ನೆಲೆಸಿತು. ಗಂಡನ ಸಂಪಾದನೆ ಸಾಲುತ್ತಿರಲಿಲ್ಲ. ಹೆಂಡತಿ ಪತ್ರಿಕೆಗೆ ಬರೆದರು, ಓಕ್ಲೆಂಡ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊದ ರೇಡಿಯೊ ಕೇಂದ್ರಗಳಿಗೆ ಜಾಹೀರಾತಿನ ಬರಹ ಮಾಡಿಕೊಟ್ಟರು. ಒಂದು ವಸ್ತುವಿನ ಗುಣವನ್ನು ಹದಿನೈದು ಇಪ್ಪತ್ತು ಸೆಕೆಂಡಿನೊಳಗೆ ಕೇಳುವವರ ಕಿವಿಗೆ ನಾಟಿಸುವ ಆ ಕೆಲಸವೇ ಮುಂದೆ ಅವರ ಚಟಾಕಿಗಳ ಬಿಗಿಗೆ ಅಡಿಪಾಯವಾಯಿತು ಎಂದು ನಾನು ನಂಬುತ್ತೇನೆ. ಜಾಹೀರಾತು ಬರೆಯುವವರು ಹೇಗೋ ಹಾಗೆ ಅವರು ಕೊನೆಯವರೆಗೂ ಒಂದು ಮಾತನ್ನೂ ಹೆಚ್ಚಿಗೆ ಬಳಸಲಿಲ್ಲ.

ನೀನು ಹಾಸ್ಯವನ್ನೇ ವೃತ್ತಿ ಮಾಡಿಕೋ ಎಂದು ವರ್ಷಗಟ್ಟಲೆ ಬೆನ್ನುಹತ್ತಿದವರು ಗಂಡನೇ. ಆತ್ಮವಿಶ್ವಾಸವನ್ನು ಕುರಿತ ಒಂದು ಪುಸ್ತಕ ತಮಗೆ ಧೈರ್ಯ ತುಂಬಿತು ಎಂದು ಡಿಲ್ಲರ್ ಅವರು ಮತ್ತೆ ಮತ್ತೆ ಹೇಳಿಕೊಂಡಿದ್ದಾರೆ. ಕೊನೆಗೆ 1955ರ ಮಾರ್ಚ್ 7ರಂದು, ತಮ್ಮ 37ನೇ ವಯಸ್ಸಿನಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದ ನಾರ್ತ್ ಬೀಚ್ ಭಾಗದ ಕೊಲಂಬಸ್ ರಸ್ತೆಯಲ್ಲಿದ್ದ ‘ಪರ್ಪಲ್ ಆನಿಯನ್’ ಎಂಬ ನೆಲಮಾಳಿಗೆಯ ಪುಟ್ಟ ಕ್ಲಬ್ಬಿನಲ್ಲಿ ಅವರು ಮೊದಲ ಬಾರಿಗೆ ವೃತ್ತಿಕಲಾವಿದೆಯಾಗಿ ನಿಂತರು. ಕರಾರು ಇದ್ದದ್ದು ಎರಡು ವಾರಕ್ಕೆ. ಅಲ್ಲಿ ಅವರು ನಡೆಸಿದ್ದು ಸುಮಾರು 89 ವಾರ.

ಈ 89 ವಾರಗಳನ್ನು ಚರಿತ್ರೆಕಾರರು ಯಶಸ್ಸಿನ ಲೆಕ್ಕವಾಗಿ ಹೇಳುತ್ತಾರೆ. ನಾನು ಅದನ್ನು ತರಬೇತಿಯ ಲೆಕ್ಕವಾಗಿ ನೋಡುತ್ತೇನೆ. ಮೊದಲ ದಿನಗಳ ಅವರ ಪ್ರದರ್ಶನ ನಾವು ಇಂದು ವಿಡಿಯೊಗಳಲ್ಲಿ ಕಾಣುವಂಥದ್ದಾಗಿರಲಿಲ್ಲ. ಪಿಯಾನೊ ಇತ್ತು, ಅಣಕು ಹಾಡುಗಳಿದ್ದವು, ಆ ಕಾಲದ ಹೆಸರಾಂತ ಗಾಯಕಿಯರಾದ ಅರ್ಥಾ ಕಿಟ್, ಈಮಾ ಸುಮಾಕ್ ಅವರ ಅನುಕರಣೆ ಇತ್ತು, ಕೈಯಲ್ಲಿ ಹಿಡಿದು ತೋರಿಸುವ ಸಾಮಾನುಗಳಿದ್ದವು. ಮಾತು ಇವೆಲ್ಲದರ ನಡುವೆ ಬರುವ ಜೋಡಣೆಯಷ್ಟೇ ಆಗಿತ್ತು. ರಾತ್ರಿ ರಾತ್ರಿ ಅದೇ ಚಿಕ್ಕ ವೇದಿಕೆಯ ಮೇಲೆ, ಕುಡಿಯುತ್ತಾ ಕುಳಿತವರ ಮುಂದೆ ನಿಂತು, ಎಲ್ಲಿ ನಗು ಬಂತು ಎಲ್ಲಿ ಬರಲಿಲ್ಲ ಎಂದು ಗಮನಿಸುತ್ತಾ ಹೋದಂತೆ ಅವರು ಒಂದೊಂದೇ ಸಾಮಾನನ್ನು ಕೆಳಗಿಟ್ಟರು. ಹಾಡು ಹೋಯಿತು, ಅನುಕರಣೆ ಹೋಯಿತು, ಕೊನೆಗೆ ಪಿಯಾನೊವೂ ಹೋಯಿತು. ಸಂಗೀತವನ್ನು ಜೀವದಂತೆ ಕಲಿತವರು ತಮ್ಮ ಅತ್ಯಂತ ಭದ್ರವಾದ ಆಸರೆಯನ್ನೇ ಬಿಟ್ಟುಕೊಡುವುದು ಸಣ್ಣ ಮಾತಲ್ಲ. ಉಳಿದದ್ದು ಮಾತು, ಮುಖ, ಮತ್ತು ಎದೆಯಿಂದ ಒಡೆದು ಬರುವ ಆ ದೊಡ್ಡ ಕೇಕೆನಗು.

ಈಗ ನಿಮ್ಮನ್ನು ಕಾಡಿದ ವೇಷದ ವಿಷಯ. ಕೆದರಿದ ಕೂದಲು, ಗೋಣಿಚೀಲದಂತೆ ಜೋತುಬೀಳುವ ಮಿರುಗುವ ಉಡುಪು, ಕೈಗವಸು, ಗಿಡ್ಡ ಬೂಟು, ಬೆರಳ ತುದಿಯಲ್ಲಿ ಉದ್ದನೆಯ ಸಿಗರೇಟು ಕೊಳವೆ: ಇವು ಒಂದೇ ದಿನ ಬಂದವಲ್ಲ, ವರ್ಷಗಳ ಮೇಲೆ ಒಂದೊಂದಾಗಿ ಸೇರಿದವು, ಮತ್ತು ಪ್ರತಿಯೊಂದಕ್ಕೂ ಕೆಲಸವಿತ್ತು. ಸಿಗರೇಟನ್ನೇ ತೆಗೆದುಕೊಳ್ಳಿ. ಡಿಲ್ಲರ್ ಅವರು ಧೂಮಪಾನ ಮಾಡುತ್ತಿರಲಿಲ್ಲ. ಕೊಳವೆಯ ತುದಿಯಲ್ಲಿದ್ದದ್ದು ಮರದ ತುಂಡು. ಚಟಾಕಿಯ ಮೊದಲ ಭಾಗ ಮುಗಿದಾಗ ಕೈ ಮೇಲೇರುತ್ತದೆ, ಕೊನೆಯ ಮಾತು ಬಿದ್ದ ಕೂಡಲೇ ಬೂದಿ ಝಾಡಿಸುವವರಂತೆ ಕೊಳವೆ ಒಮ್ಮೆ ಅಲುಗುತ್ತದೆ, ಪ್ರೇಕ್ಷಕರ ಕಣ್ಣು ಆ ಅಲುಗಾಟದ ಮೇಲಿರುವಾಗ ನಗು ಏಳುತ್ತದೆ. ವಾದ್ಯವೃಂದದ ನಿರ್ದೇಶಕನ ಕೈಯ ಕೋಲು ಮಾಡುವ ಕೆಲಸವನ್ನೇ ಅದು ಮಾಡುತ್ತಿತ್ತು. ಒಂದು ವಿಡಿಯೊವನ್ನು ಧ್ವನಿಯಿಲ್ಲದೆ ನೋಡಿದರೆ ಇದು ನಿಮಗೆ ಸ್ಪಷ್ಟವಾಗಿ ಕಾಣುತ್ತದೆ.

ಉಡುಪಿನ ಕತೆ ಇನ್ನೂ ಮುಖ್ಯವಾದದ್ದು. ತಮ್ಮ ಮೈಕಟ್ಟನ್ನು ಎಷ್ಟೆಂದರೆ ಅಷ್ಟು ಹೀಗಳೆದುಕೊಂಡ ಡಿಲ್ಲರ್ ಅವರ ಮೈಕಟ್ಟು ನಿಜಕ್ಕೂ ಚೆನ್ನಾಗಿಯೇ ಇತ್ತು. ಅದನ್ನು ಮರೆಮಾಡುವುದಕ್ಕೆಂದೇ ಆ ದೊಗಳೆ ಉಡುಪು. ಇಲ್ಲವಾದರೆ ಚಟಾಕಿ ಸುಳ್ಳಾಗುತ್ತಿತ್ತು. ಒಮ್ಮೆ, ಹೆಂಗಸರ ನಗ್ನಚಿತ್ರಗಳಿಗೆ ಹೆಸರಾದ ‘ಪ್ಲೇಬಾಯ್’ ಪತ್ರಿಕೆಯವರು ತಮಾಷೆಗೆಂದು ಅವರ ಚಿತ್ರಗಳನ್ನು ತೆಗೆಸಿ, ತೆಗೆದ ಮೇಲೆ ನೋಡಿದರೆ ಅವು ನಗು ಬರಿಸುವಂತಿಲ್ಲದ ಕಾರಣ ಪ್ರಕಟಿಸದೆ ಬಿಟ್ಟರೆಂದು ಅವರೇ ಹೇಳಿಕೊಂಡಿದ್ದರು. ಅಂದರೆ ವೇದಿಕೆಯ ಮೇಲೆ ‘ನಾನು’ ಎಂದು ಮಾತನಾಡುತ್ತಿದ್ದವಳು ಫಿಲಿಸ್ ಡಿಲ್ಲರ್ ಎಂಬ ವ್ಯಕ್ತಿಯಲ್ಲ, ಅವರು ಕಟ್ಟಿದ ಪಾತ್ರ. ಯಕ್ಷಗಾನದಲ್ಲಿ ಹಾಸ್ಯಗಾರ ತನ್ನ ವೇಷದೊಳಗಿನಿಂದ ರಾಜನನ್ನೂ ಕೆಣಕಬಲ್ಲ ಎಂಬುದನ್ನು ಬಲ್ಲ ನಮಗೆ ಇದು ಹೊಸ ವಿಷಯವೇನೂ ಅಲ್ಲ. ಆದರೆ ಸ್ಟ್ಯಾಂಡ್‌ಅಪ್‌ನಲ್ಲಿ ವೇಷಗಾರ ತನ್ನ ಹೆಸರನ್ನೇ ಇಟ್ಟುಕೊಂಡು ನಿಲ್ಲುವುದರಿಂದ ನೋಡುವವರು ವೇಷವನ್ನೇ ವ್ಯಕ್ತಿಯೆಂದು ತಿಳಿದುಬಿಡುತ್ತಾರೆ.

ಆ ವೇಷ ಬೇಕಾದದ್ದು ಏಕೆ ಎಂಬುದಕ್ಕೆ 1950ರ ದಶಕದ ನೈಟ್‌ಕ್ಲಬ್ಬನ್ನು ಕಣ್ಣಮುಂದೆ ತಂದುಕೊಳ್ಳಬೇಕು. ಅಲ್ಲಿ ಹೆಣ್ಣು ವೇದಿಕೆಗೆ ಬಂದರೆ ಗಾಯಕಿ ಅಥವಾ ನರ್ತಕಿ ಎಂದೇ ಲೆಕ್ಕ. ನೋಡುವವರು ಮೊದಲು ಅವಳ ರೂಪವನ್ನು ತೂಗುತ್ತಾರೆ, ಆಮೇಲೆ ಬೇಕಾದರೆ ಮಾತು ಕೇಳುತ್ತಾರೆ. ಮೇಜಿನ ಬಳಿ ಕುಳಿತ ಗಂಡಸು ಆಕೆಯನ್ನು ನೋಡುತ್ತಿದ್ದಾನೆಂದು ಪಕ್ಕದಲ್ಲಿರುವ ಅವನ ಹೆಂಡತಿಗೆ ಇರಿಸುಮುರಿಸು. ಈ ಇಬ್ಬರೂ ಒಟ್ಟಿಗೆ ನಗಬೇಕಾದರೆ ಆ ತೂಗಾಟ ಮೊದಲ ನಿಮಿಷದಲ್ಲಿಯೇ ಮುಗಿದುಹೋಗಬೇಕು. ಡಿಲ್ಲರ್ ಅವರು ಬಂದು ನಿಂತ ಕೂಡಲೇ ತಮ್ಮ ರೂಪದ ಬಗ್ಗೆ ಯಾರೂ ಆಡಲಾರದಷ್ಟು ಕೆಟ್ಟ ಮಾತನ್ನು ತಾವೇ ಆಡಿ ಆ ವಿಷಯವನ್ನು ಮುಚ್ಚಿಬಿಡುತ್ತಿದ್ದರು. ಮಾಮ್ಸ್ ಮೇಬ್ಲಿ ಅವರು ತಮ್ಮ ಹರೆಯದಲ್ಲಿಯೇ ಬೊಚ್ಚುಬಾಯಿಯ ಮುದುಕಿಯ ವೇಷ ಹಾಕಿದ್ದರ ಹಿಂದೆಯೂ ಇದೇ ತಿಳಿವಳಿಕೆ ಇದ್ದಿರಬೇಕು. ಒಬ್ಬರನ್ನೊಬ್ಬರು ಅನುಕರಿಸದ ಇಬ್ಬರು ಕಲಾವಿದೆಯರು, ಬೇರೆ ಬೇರೆ ಜನರ ಮುಂದೆ, ಒಂದೇ ಉಪಾಯಕ್ಕೆ ಬಂದು ತಲುಪಿದರೆಂದರೆ ಅದರ ಕಾರಣ ಆ ಇಬ್ಬರ ಸ್ವಭಾವದಲ್ಲಿಲ್ಲ, ಎದುರಿಗೆ ಕುಳಿತವರ ಕಣ್ಣಿನಲ್ಲಿದೆ.

ಆ ಬಾಗಿಲು ತೆರೆದ ಮೇಲೆ ಅವರು ಒಳಗೆ ಹೋಗಿ ಹೇಳಿದ್ದೇನು ಎಂಬುದನ್ನು ನಾವು ಗಮನಿಸಬೇಕು. ಆಗಿನ ಗಂಡು ಹಾಸ್ಯಗಾರರ ಕಸುಬು ನಡೆಯುತ್ತಿದ್ದದ್ದೇ ಹೆಂಡತಿಯ ಮೇಲಿನ ಚಟಾಕಿಗಳಿಂದ. ಡಿಲ್ಲರ್ ಅವರು ಆ ಸರಕನ್ನು ತಿರುಗಿಸಿ ಹಾಕಿದರು. ‘ಫ್ಯಾಂಗ್’, ಅಂದರೆ ಕೋರೆಹಲ್ಲು, ಎಂಬ ಹೆಸರಿನ ಒಬ್ಬ ಗಂಡನನ್ನು ಸೃಷ್ಟಿಸಿದರು. ಸೋಮಾರಿ, ಕುಡುಕ, ಕೆಲಸಕ್ಕೆ ಬಾರದವನು. ಅವನ ತಾಯಿಗೆ ‘ಮೋಬಿ ಡಿಕ್’ ಎಂದು ತಿಮಿಂಗಿಲದ ಹೆಸರು, ನಾದಿನಿಗೆ ‘ಕ್ಯಾಪ್ಟನ್ ಬ್ಲೈ’ ಎಂದು ಕ್ರೂರಿಯಾದ ಹಡಗು ನಾಯಕನ ಹೆಸರು. ಈ ಫ್ಯಾಂಗ್ ತಮ್ಮ ನಿಜವಾದ ಗಂಡನಲ್ಲ ಎಂದು ಅವರು ಸದಾ ಹೇಳುತ್ತಿದ್ದರು. ಅತ್ತೆ, ನಾದಿನಿ, ಗಂಡ ಎಂದರೆ ನಮ್ಮ ಬೀಸುವ ಕಲ್ಲಿನ ಪದಗಳಲ್ಲಿ ಹೆಣ್ಣುಮಕ್ಕಳು ತಲೆಮಾರುಗಳಿಂದ ಆಡಿಕೊಂಡ ವಿಷಯವೇ. ಆದರೆ ಅಮೆರಿಕದ ನೈಟ್‌ಕ್ಲಬ್ಬಿನಲ್ಲಿ, ಟಿಕೆಟು ಕೊಂಡು ಬಂದ ಗಂಡಸರ ಮುಂದೆ, ಹೆಂಡತಿಯ ಕಡೆಯ ಕತೆಯನ್ನು ಹೀಗೆ ಬಿಡಿಸಿಟ್ಟವರು ಬಹಳ ಕಡಿಮೆ.

ಮನೆಗೆಲಸದ ವಿಷಯದಲ್ಲಿ ಅವರ ಮಾತು ಇನ್ನೂ ಹರಿತ. ಯುದ್ಧ ಮುಗಿದ ಮೇಲಿನ ಆ ವರ್ಷಗಳಲ್ಲಿ ಪತ್ರಿಕೆಗಳು, ಜಾಹೀರಾತುಗಳು, ಟೆಲಿವಿಷನ್ನು ಎಲ್ಲವೂ ಹೊಳೆಯುವ ನೆಲ, ನಗುಮುಖ, ಇಸ್ತ್ರಿ ಮಾಡಿದ ಏಪ್ರನ್ನಿನ ಗೃಹಿಣಿಯನ್ನು ಕೊಂಡಾಡುತ್ತಿದ್ದವು. ಅಂಥ ಹೊತ್ತಿನಲ್ಲಿ ಐದು ಮಕ್ಕಳ ತಾಯಿಯೊಬ್ಬಳು ಎದ್ದು ನಿಂತು, ಮನೆಗೆಲಸದಿಂದ ಯಾರೂ ಸಾಯುವುದಿಲ್ಲ ನಿಜ, ಆದರೂ ಸುಮ್ಮನೆ ಜೀವದ ಜೊತೆ ಚೆಲ್ಲಾಟ ಏಕೆ ಎಂದು ಕೇಳಿದಳು. ಇಸ್ತ್ರಿಗೆಂದು ಬಿದ್ದಿರುವ ಬಟ್ಟೆಯನ್ನು ತಾನು ಹಿತ್ತಿಲಲ್ಲಿ ಹೂತುಬಿಡುತ್ತೇನೆ ಎಂದಳು. ಮಕ್ಕಳು ಬೆಳೆಯುತ್ತಿರುವಾಗ ಮನೆ ಒಪ್ಪ ಮಾಡುವುದೆಂದರೆ ಹಿಮ ಬೀಳುತ್ತಿರುವಾಗಲೇ ಅಂಗಳದ ಹಿಮ ಎತ್ತಿಹಾಕಿದಂತೆ ಎಂದಳು. ಕೇಳುತ್ತಿದ್ದ ಹೆಂಗಸರಿಗೆ ಇದು ತಮ್ಮ ಮನೆಯ ಮಾತು ಎಂದು ಗೊತ್ತಾಗುತ್ತಿತ್ತು. ತಮ್ಮ ರೂಪದ ಮೇಲೆ ಅವರು ಹೊಡೆದ ಚಟಾಕಿಗಳು ಇಂದು ನನಗೂ ಹಳಸಿದಂತೆ ಕಾಣುತ್ತವೆ, ಕೆಲವನ್ನು ಕೇಳುವುದು ಕಷ್ಟವೂ ಆಗುತ್ತದೆ. ಆದರೆ ಮನೆಗೆಲಸದ ಈ ಚಟಾಕಿಗಳಿಗೆ ಒಂದಿಷ್ಟೂ ತುಕ್ಕು ಹಿಡಿದಿಲ್ಲ. 1970ರ ದಶಕದ ನಂತರ ಸ್ತ್ರೀವಾದಿ ವಿಮರ್ಶಕರು ಎತ್ತಿದ ಆಕ್ಷೇಪ, ಅಂದರೆ ಹೆಣ್ಣು ತನ್ನ ದೇಹವನ್ನು ತಾನೇ ನಗೆಪಾಟಲು ಮಾಡಿಕೊಂಡರೆ ಹಳೆಯ ಕಣ್ಣೋಟವನ್ನೇ ಬಲಪಡಿಸಿದಂತೆ ಎಂಬುದು, ಸರಿಯಾದ ಆಕ್ಷೇಪವೇ. ಅದನ್ನು ಒಪ್ಪಿಕೊಂಡೂ, ಆ ಕಾಲದಲ್ಲಿ ಆ ವೇಷವಿಲ್ಲದೆ ಫ್ಯಾಂಗ್‌ನ ಕತೆಯನ್ನು ಹೇಳಲು ಅವರಿಗೆ ಅಷ್ಟು ದೊಡ್ಡ ವೇದಿಕೆ ಸಿಗುತ್ತಿತ್ತೆಂದು ನಾನು ನಂಬಲಾರೆ. ವೇಷವಿಲ್ಲದೆ ನಿಂತ ಜೀನ್ ಕ್ಯಾರಲ್ ಅವರನ್ನು ಜನ ಎಷ್ಟು ಬೇಗ ಮರೆತರು ಎಂಬುದನ್ನೂ ನಾವು ನೆನೆಯಬೇಕು.

ಇನ್ನು ಕೆಲಸದ ರೀತಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವು ನಾಳೆಯೇ ಬಳಸಬಹುದಾದದ್ದು ಇದು.

ಡಿಲ್ಲರ್ ಅವರ ಚಟಾಕಿಗಳಲ್ಲಿ ನಗುವಿನ ಮಾತು ಕಟ್ಟಕಡೆಗೆ ಬರುತ್ತದೆ; ಅದರ ನಂತರ ಒಂದು ಅಕ್ಷರವೂ ಇರುವುದಿಲ್ಲ. ಸಿಟ್ಟಿಟ್ಟುಕೊಂಡು ಮಲಗಬೇಡಿ ಎಂಬ ಹಿತವಚನವನ್ನು ಅಲ್ಲಿಯೂ ಎಲ್ಲರೂ ಹೇಳುತ್ತಾರೆ. ಅವರು ಅದನ್ನೇ ತೆಗೆದುಕೊಂಡು, ‘ಸಿಟ್ಟಿನಲ್ಲಿ ಮಲಗಲೇಬೇಡಿ, ಎದ್ದು ಕೂತು ಜಗಳವಾಡಿ’ ಎಂದರು. ಇದು ಕನ್ನಡಕ್ಕೆ ಸಲೀಸಾಗಿ ಬರುತ್ತದೆ, ಏಕೆಂದರೆ ಇಲ್ಲಿ ನಗುವಿನ ಮಾತು ಕ್ರಿಯಾಪದವೇ ಆಗಿದ್ದು ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೇ ಕೂರುತ್ತದೆ. ಆದರೆ ಇನ್ನೊಂದನ್ನು ನೋಡಿ. ಫ್ಯಾಂಗ್‌ನ ಬಾಳಿನ ಅತ್ಯುತ್ತಮ ಗಳಿಗೆ ಒಂದೂವರೆ ನಿಮಿಷ ನಡೆಯಿತು ಎಂಬುದು ಅವರ ಪ್ರಸಿದ್ಧ ಚಟಾಕಿ. ಹಾಗೆಯೇ ಹೇಳಿದರೆ ‘ಒಂದೂವರೆ ನಿಮಿಷ’ ಎಂದಾಗ ಏಳಬೇಕಾದ ನಗು ‘ನಡೆಯಿತು’ ಎಂಬ ಬಾಲಕ್ಕೆ ಸಿಕ್ಕಿಕೊಂಡು ಸಾಯುತ್ತದೆ. ಕ್ರಿಯಾಪದವನ್ನು ಮುಂದಕ್ಕೆ ತಂದು, ‘ನಮ್ಮ ಫ್ಯಾಂಗ್‌ಗೂ ಒಂದು ಅಮೃತಗಳಿಗೆ ಬಂದಿತ್ತು, ಒಟ್ಟು ಒಂದೂವರೆ ನಿಮಿಷ’ ಎಂದು ಹೇಳಿ ಬಾಯಿ ಮುಚ್ಚಿದರೆ ಅದಕ್ಕೆ ಜೀವ ಬರುತ್ತದೆ. ನಮ್ಮ ಹಾಸ್ಯಸಂಜೆಗಳಲ್ಲಿ ಒಳ್ಳೆಯ ಚಟಾಕಿಗಳು ನೆಲಕಚ್ಚುವುದಕ್ಕೆ ದೊಡ್ಡ ಕಾರಣ, ನಗುವಿನ ಮಾತು ಆಡಿದ ಮೇಲೂ ‘ಅಂದ್ಬಿಟ್ಟ ನೋಡ್ರಿ’ ಎಂದು ಎಳೆಯುವ ರೂಢಿ ಎಂದು ನನಗೆ ಅನೇಕ ಸಲ ಅನಿಸಿದೆ. ಕತೆ ಹೇಳುವಾಗ ಆ ಎಳೆತ ಸೊಗಸು. ಚಟಾಕಿಯಲ್ಲಿ ಅದು ಸಲ್ಲದು.

ಎರಡನೆಯದಾಗಿ, ಅವರು ಒಂದು ಪೀಠಿಕೆಗೆ ಒಂದೇ ನಗುವನ್ನು ಪಡೆದು ಬಿಡುತ್ತಿರಲಿಲ್ಲ. ವಿಷಯ ಒಮ್ಮೆ ನೆಟ್ಟ ಮೇಲೆ ಅದೇ ವಿಷಯದ ಮೇಲೆ ಎರಡನೆಯ ಏಟು, ಮೂರನೆಯ ಏಟು, ನಾಲ್ಕನೆಯದು. ಪ್ರತಿಯೊಂದೂ ಹಿಂದಿನದಕ್ಕಿಂತ ಚಿಕ್ಕದು. ಹೀಗೆ ಮಾಡಿದಾಗ ನಿಮಿಷಕ್ಕೆ ಎಷ್ಟು ನಗು ಎಂದು ಎಣಿಸುವಷ್ಟು ವೇಗ ಬರುತ್ತದೆ, ಮತ್ತು ಅಷ್ಟು ವೇಗಕ್ಕೆ ಅಷ್ಟೇ ಸರಕು ಬೇಕು. ಆ ಸರಕಿನ ಉಗ್ರಾಣವೇ ಅವರ ಕಾರ್ಡುಗಳ ಬೀರು.

48 ಡ್ರಾಯರುಗಳ ಉಕ್ಕಿನ ಬೀರು ಅದು. ತುಂಬಿ ತುಳುಕಿದ ಮೇಲೆ ಇನ್ನೂ ಮೂರು ಡ್ರಾಯರುಗಳನ್ನು ಸೇರಿಸಿದರು. ಒಳಗೆ ಮೂರು ಇಂಚು ಅಗಲ, ಐದು ಇಂಚು ಉದ್ದದ 52,000ಕ್ಕೂ ಹೆಚ್ಚು ಕಾರ್ಡುಗಳು. ಒಂದೊಂದರ ಮೇಲೂ ಟೈಪು ಮಾಡಿದ ಒಂದೊಂದು ಚಟಾಕಿ. ವಿಷಯಗಳನ್ನು ಅಕಾರಾದಿಯಾಗಿ ಜೋಡಿಸಿ, ಉಡುಗೆ ತೊಡುಗೆಯ ಪರಿಕರಗಳಿಂದ ಹಿಡಿದು ಜಗತ್ತಿನ ವಿದ್ಯಮಾನಗಳವರೆಗೆ ವಿಂಗಡಿಸಿದ್ದರು. ಕಾರು, ಪಥ್ಯ, ಮದುವೆ, ಪ್ರವಾಸ ಎಲ್ಲಕ್ಕೂ ಜಾಗ. ಬಹಳ ಕಾರ್ಡುಗಳ ಮೇಲೆ ದಿನಾಂಕವಿದೆ, ಚಟಾಕಿ ಯಾರಿಂದ ಬಂತು ಎಂಬ ಗುರುತೂ ಇದೆ. ಹೌದು, ಅವರು ತಾವು ಬರೆದದ್ದರ ಜೊತೆಗೆ ಬೇರೆಯವರಿಂದಲೂ ಹಣ ಕೊಟ್ಟು ಕೊಳ್ಳುತ್ತಿದ್ದರು, ಮತ್ತು ಹಾಗೆ ಅಂಚೆಯಲ್ಲಿ ಬರೆದು ಕಳುಹಿಸುತ್ತಿದ್ದವರಲ್ಲಿ ಸಾಮಾನ್ಯ ಗೃಹಿಣಿಯರಿದ್ದರು. ಮಕ್ಕಳನ್ನು ಶಾಲೆಗೆ ಕಳುಹಿಸಿ, ಅಡುಗೆಮನೆಯ ಮೇಜಿನ ಬಳಿ ಕುಳಿತು ಒಬ್ಬ ಹೆಂಗಸು ಬರೆದ ಸಾಲು ಲಾಸ್ ವೇಗಸ್ಸಿನ ವೇದಿಕೆಯ ಮೇಲೆ ಕೇಳಿಬರುತ್ತಿತ್ತು ಎಂಬುದು ಈ ವೃತ್ತಿಜೀವನದಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿ. ವೃತ್ತಿಯ ವರ್ಷಗಳಿಂದ ಬರಿಯ ಭಾಗಾಕಾರ ಮಾಡಿದರೂ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಕಾರ್ಡುಗಳಾಗುತ್ತವೆ, ದಿನಕ್ಕೆ ಮೂರರ ಆಸುಪಾಸು. ಈ ಬೀರನ್ನು ಅವರು 2003ರಲ್ಲಿ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ಅಮೆರಿಕನ್ ಚರಿತ್ರೆಯ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು. 2017ರಲ್ಲಿ ಸ್ವಯಂಸೇವಕರು ಮನೆಮನೆಗಳಲ್ಲಿ ಕುಳಿತು ಕಾರ್ಡುಗಳ ಬರಹವನ್ನು ಕಂಪ್ಯೂಟರಿಗೆ ಇಳಿಸಿಕೊಟ್ಟರು. ಇಂಗ್ಲಿಷ್ ಓದುವ ಯಾರು ಬೇಕಾದರೂ ಇಂದು ಅವನ್ನು ನೋಡಬಹುದು.

ಪರ್ಪಲ್ ಆನಿಯನ್ ಬಿಟ್ಟ ಮೇಲಿನ ಏರಿಕೆಯ ಕತೆ ಎಲ್ಲೆಡೆ ಸಿಗುವುದರಿಂದ ಇಲ್ಲಿ ಸಂಕ್ಷೇಪವಾಗಿ ಹೇಳುತ್ತೇನೆ. 1958ರಲ್ಲಿ ಹಾಸ್ಯನಟ ಗ್ರೌಚೊ ಮಾರ್ಕ್ಸ್ ನಡೆಸುತ್ತಿದ್ದ ಟೆಲಿವಿಷನ್ ರಸಪ್ರಶ್ನೆ ಕಾರ್ಯಕ್ರಮದಲ್ಲಿ ಸ್ಪರ್ಧಿಯಾಗಿ ಕಾಣಿಸಿಕೊಂಡರು. ಆ ಚಿತ್ರಣ ಉಳಿದಿದೆ, ಅದರಲ್ಲಿ ಇನ್ನೂ ಬಿಗುಪು ಕಾಣುತ್ತದೆ. ಜ್ಯಾಕ್ ಪಾರ್ ಅವರ ರಾತ್ರಿಯ ಟೆಲಿವಿಷನ್ ಕಾರ್ಯಕ್ರಮದಿಂದ ದೇಶಕ್ಕೆಲ್ಲ ಪರಿಚಯವಾದರು. 1960ರಲ್ಲಿ ನ್ಯೂಯಾರ್ಕಿನ ‘ಬಾನ್ ಸ್ವಾರ್’ ಕ್ಲಬ್ಬಿನಲ್ಲಿ ಅವರು ಮುಖ್ಯ ಕಲಾವಿದೆಯಾಗಿದ್ದಾಗ, ಅವರಿಗಿಂತ ಮೊದಲು ಹಾಡಲು ನಿಂತ 18ರ ಹುಡುಗಿ ಬಾರ್ಬ್ರಾ ಸ್ಟ್ರೈಸಾಂಡ್. ಹಾಸ್ಯಪ್ರಪಂಚದ ದೊಡ್ಡಣ್ಣನಂತಿದ್ದ ಬಾಬ್ ಹೋಪ್ ಅವರು ಡಿಲ್ಲರ್ ಅವರನ್ನು ಮೊದಲು ನೋಡಿದ್ದು ವಾಷಿಂಗ್ಟನ್ನಿನ ಒಂದು ಕ್ಲಬ್ಬಿನಲ್ಲಿ, ಅದೂ ಪ್ರದರ್ಶನ ಪೂರ್ತಿ ಕೆಟ್ಟುಹೋದ ರಾತ್ರಿ. ಮುಖ ತೋರಿಸದೆ ಹೊರಟುಬಿಡಬೇಕೆಂದಿದ್ದ ಅವರನ್ನು ಹೋಪ್ ಅವರೇ ಹಿಡಿದು ನಿಲ್ಲಿಸಿ ಮೆಚ್ಚುಗೆ ಹೇಳಿದರು. ಮುಂದೆ ಇಬ್ಬರೂ 1966ರಿಂದ 1968ರ ನಡುವೆ ಮೂರು ಚಲನಚಿತ್ರಗಳಲ್ಲಿ, ಅಲ್ಲದೆ ಒಟ್ಟು ಇಪ್ಪತ್ತಕ್ಕೂ ಹೆಚ್ಚು ಟೆಲಿವಿಷನ್ ಕಾರ್ಯಕ್ರಮಗಳಲ್ಲಿ ಜೊತೆಯಾದರು. 1966ರ ಕ್ರಿಸ್‌ಮಸ್ ಹೊತ್ತಿಗೆ ವಿಯೆಟ್ನಾಂನಲ್ಲಿದ್ದ ಸೈನಿಕರ ಮುಂದೆಯೂ ನಿಂತರು. ನೆಲಕಚ್ಚಿದ ಪ್ರದರ್ಶನದಲ್ಲಿಯೂ ಕಸುಬು ಬಲ್ಲವರಿಗೆ ಕಸುಬು ಕಾಣುತ್ತದೆ ಎಂಬುದಕ್ಕಾಗಿ ಈ ಪ್ರಸಂಗವನ್ನು ಬಿಡದೆ ಬರೆದೆ.

ಸೋಲುಗಳೂ ಇದ್ದವು. ಅವರಿಗೆಂದೇ ಕಟ್ಟಿದ ಹಾಸ್ಯ ಧಾರಾವಾಹಿ 1966ರಲ್ಲಿ ಆರಂಭವಾಗಿ, ನಡುವೆ ಹೆಸರು ಬದಲಿಸಿದರೂ ಉಳಿಯದೆ 1967ರಲ್ಲಿ ನಿಂತಿತು; 1968ರ ವೈವಿಧ್ಯ ಕಾರ್ಯಕ್ರಮ ಕೆಲವೇ ತಿಂಗಳು ಬಾಳಿತು. ಕಾರಣ ಊಹಿಸುವುದು ಕಷ್ಟವಲ್ಲ. ಡಿಲ್ಲರ್ ಅವರ ಶಕ್ತಿ ಇದ್ದದ್ದು ಪ್ರೇಕ್ಷಕರನ್ನು ನೇರವಾಗಿ ನೋಡಿ ಮಾತನಾಡುವುದರಲ್ಲಿ. ಧಾರಾವಾಹಿ ಅವರನ್ನು ಇತರ ಪಾತ್ರಗಳ ಕಡೆಗೆ ತಿರುಗಿಸಿ ನಿಲ್ಲಿಸಿತು. ಫ್ಯಾಂಗ್ ಎಂದೂ ಕಣ್ಣಿಗೆ ಬೀಳದ ಕಾರಣದಿಂದಲೇ ಪ್ರತಿಯೊಬ್ಬರೂ ತಮಗೆ ಗೊತ್ತಿರುವ ಒಬ್ಬನನ್ನು ಆ ಜಾಗದಲ್ಲಿ ಕಲ್ಪಿಸಿಕೊಳ್ಳುತ್ತಿದ್ದರು. 1969ರ ಕೊನೆಯಿಂದ ಮೂರು ತಿಂಗಳು ಬ್ರಾಡ್‌ವೇಯ ‘ಹೆಲೊ, ಡಾಲಿ!’ ಸಂಗೀತ ನಾಟಕದ ಮುಖ್ಯಪಾತ್ರವನ್ನು ಮಾಡಿದಾಗ ವೇಷ ಬದಿಗಿಟ್ಟರೂ ತಮಗೆ ರಂಗದ ಮೇಲೆ ಬೆಲೆಯಿದೆ ಎಂದು ತೋರಿಸಿದರು.

ಪಿಯಾನೊವನ್ನು ನೆನಪಿಟ್ಟುಕೊಳ್ಳಿ ಎಂದಿದ್ದೆ. 1970ರ ದಶಕದ ಆರಂಭದಿಂದ 1982ರವರೆಗೆ ಅವರು ‘ಡೇಮ್ ಇಲ್ಯಾ ಡಿಲ್ಯಾ’ ಎಂಬ ಅಣಕು ಹೆಸರಿನಲ್ಲಿ ಅಮೆರಿಕದ ಸುಮಾರು ನೂರು ಸಿಂಫನಿ ವಾದ್ಯವೃಂದಗಳೊಂದಿಗೆ ಪಿಯಾನೊ ನುಡಿಸಿದರು. ವೇದಿಕೆಗೆ ಬರುವಾಗ, ಕೂರುವಾಗ ಎಲ್ಲ ಕೋಡಂಗಿತನವೂ ಇತ್ತು. ಬೆರಳು ಪಿಯಾನೊ ಮೇಲೆ ಇಟ್ಟ ಮೇಲೆ ಬಾಕ್, ಬೀಥೋವನ್ ಅವರ ಕೃತಿಗಳನ್ನು ಅವರು ಗಂಭೀರವಾಗಿ, ಶ್ರದ್ಧೆಯಿಂದ ನುಡಿಸುತ್ತಿದ್ದರು. ಪರ್ಪಲ್ ಆನಿಯನ್‌ನಲ್ಲಿ ಹಾಸ್ಯಕ್ಕಾಗಿ ಕೈಬಿಟ್ಟದ್ದನ್ನು ಐವತ್ತು ದಾಟಿದ ಮೇಲೆ, ದಿನವೂ ಸಾಧನೆ ಮಾಡಿ, ಹಾಸ್ಯದ ಹೆಗಲ ಮೇಲೆಯೇ ಮರಳಿ ತಂದುಕೊಂಡರು.

ಅದೇ ದಶಕದ ಆರಂಭದಲ್ಲಿ ಮುಖದ ಪ್ಲಾಸ್ಟಿಕ್ ಸರ್ಜರಿ ಮಾಡಿಸಿಕೊಂಡು, ತಾರೆಯರು ಇಂಥದ್ದನ್ನು ಗುಟ್ಟಾಗಿಡುತ್ತಿದ್ದ ಕಾಲದಲ್ಲಿ ಅದನ್ನು ಬಹಿರಂಗವಾಗಿ ಹೇಳಿದರು. ಕುರೂಪಿಯ ಪಾತ್ರವೇ ಬಂಡವಾಳವಾದವರು ಮುಖ ತಿದ್ದಿಸಿಕೊಂಡರೆ ಗತಿಯೇನು ಎಂದು ಯಾರಿಗಾದರೂ ಅನಿಸಬಹುದು. ಅವರು ಆ ಶಸ್ತ್ರಚಿಕಿತ್ಸೆಗಳನ್ನೇ ಹೊಸ ಡ್ರಾಯರಾಗಿ ಮಾಡಿಕೊಂಡರು. ಆಪರೇಷನ್ ಟೇಬಲ್ಲಿನ ಮೇಲೆ ಮಲಗಿದ್ದು ಫಿಲಿಸ್ ಎಂಬ ಹೆಂಗಸು, ಅದರ ಬಗ್ಗೆ ವೇದಿಕೆಯ ಮೇಲೆ ಮಾತನಾಡಿದ್ದು ಆ ಪಾತ್ರ; ಅವರು ಈ ಎರಡನ್ನೂ ಬೇರೆ ಬೇರೆ ಇಟ್ಟಿದ್ದರು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಡ.

ಹಾಸ್ಯಗಾರರು ಸೇರುತ್ತಿದ್ದ, ಗಂಡಸರಿಗಷ್ಟೇ ಮೀಸಲಾಗಿದ್ದ ನ್ಯೂಯಾರ್ಕಿನ ಫ್ರಾಯರ್ಸ್ ಕ್ಲಬ್ಬಿನಲ್ಲಿ 1983ರಲ್ಲಿ ಹಾಸ್ಯನಟ ಸಿಡ್ ಸೀಸರ್ ಅವರನ್ನು ಗೇಲಿ ಮಾಡುವ ಔತಣ ಏರ್ಪಾಡಾಗಿತ್ತು. ಡಿಲ್ಲರ್ ಅವರು ಸೂಟು, ಮೀಸೆ ಧರಿಸಿ ಫಿಲಿಪ್ ಡೌನಿ ಎಂಬ ಹೆಸರಿನಲ್ಲಿ ಒಳಹೊಕ್ಕು ಕುಳಿತರು. ಆಗ ಅವರಿಗೆ 66 ವರ್ಷ. ಆ ಹೊತ್ತಿಗೆ ಅವರಿಗಿಂತ ಹೆಚ್ಚು ಅನುಭವವಿದ್ದ ಹಾಸ್ಯಗಾರರು ಆ ಸಭಾಂಗಣದಲ್ಲಿ ಎಷ್ಟು ಮಂದಿ ಇದ್ದಿರಬಹುದು? ಹಾಗಿದ್ದೂ ಬಾಗಿಲಲ್ಲಿ ಹೆಣ್ಣು ಎಂಬುದನ್ನು ಬಿಟ್ಟೇ ಒಳಗೆ ಹೋಗಬೇಕಾಯಿತು. ಈ ಘಟನೆಯನ್ನು ತಮಾಷೆಯೆಂದು ಎಲ್ಲರೂ ಹೇಳುತ್ತಾರೆ. ನನಗೆ ಪ್ರತಿ ಸಲ ಓದಿದಾಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

1999ರಲ್ಲಿ ಹೃದಯಾಘಾತವಾಯಿತು, ಪೇಸ್‌ಮೇಕರ್ ಹಾಕಿಸಿಕೊಂಡು ಮತ್ತೆ ವೇದಿಕೆಗೆ ಬಂದರು. 2002ರ ಮೇ ತಿಂಗಳಲ್ಲಿ, 84ನೇ ವಯಸ್ಸಿನಲ್ಲಿ, ಲಾಸ್ ವೇಗಸ್ಸಿನಲ್ಲಿ ಕೊನೆಯ ಸ್ಟ್ಯಾಂಡ್‌ಅಪ್ ಪ್ರದರ್ಶನ ಕೊಟ್ಟು ತಾವಾಗಿಯೇ ನಿಲ್ಲಿಸಿದರು. ಆ ರಾತ್ರಿಯ ಸಾಕ್ಷ್ಯಚಿತ್ರವೂ ಇದೆ. ಮನೆಯಲ್ಲಿ ಚಿತ್ರ ಬರೆಯುತ್ತಾ, ಆಗೀಗ ಕಾರ್ಟೂನುಗಳಿಗೆ ಧ್ವನಿ ಕೊಡುತ್ತಾ ಇನ್ನೂ ಹತ್ತು ವರ್ಷ ಬಾಳಿ, 2012ರ ಆಗಸ್ಟ್ 20ರಂದು 95ನೇ ವಯಸ್ಸಿನಲ್ಲಿ ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡರು. ಅವರ ನಂತರ ಬಂದ ಹಾಸ್ಯಕಲಾವಿದೆಯರಾದ ಜೋನ್ ರಿವರ್ಸ್, ರೋಸಾನ್ ಬಾರ್ ಮೊದಲಾದವರು ನಿಂತದ್ದು ಅವರು ಗಟ್ಟಿಮಾಡಿಕೊಟ್ಟ ನೆಲದ ಮೇಲೆಯೇ, ಆದರೆ ತಮ್ಮದೇ ಬಟ್ಟೆ ತೊಟ್ಟು.

ಆದ್ದರಿಂದ ನೀವು ಅವರಿಂದ ವೇಷವನ್ನು ಎರವಲು ಪಡೆಯಬೇಕಿಲ್ಲ. ನಿಮ್ಮ ಮುಂದೆ ಕೂರುವವರು 1955ರ ನೈಟ್‌ಕ್ಲಬ್ಬಿನವರಲ್ಲ. ಕಾರ್ಡುಗಳ ರೂಢಿಯನ್ನು ಮಾತ್ರ ಖಂಡಿತ ತೆಗೆದುಕೊಳ್ಳಿ: ಚಟಾಕಿಯೊಂದಕ್ಕೆ ಒಂದು ಕಾರ್ಡು, ಅದರ ಮೇಲೆ ವಿಷಯ, ಹೇಳಿದ ಊರು, ದಿನಾಂಕ, ನಗು ಬಂದದ್ದು ಯಾವ ಮಾತಿಗೆ ಎಂಬ ಗುರುತು. ಇನ್ನು ವಿಡಿಯೊ ನೋಡುವುದಕ್ಕಿಂತ ಮೊದಲು, 1950ರ ದಶಕದ ಕೊನೆಯಿಂದ ಮುಂದೆ ಬಂದ ಅವರ ಧ್ವನಿಮುದ್ರಿಕೆಗಳಲ್ಲಿ ಒಂದನ್ನು ಹುಡುಕಿ, ಕಣ್ಣು ಮುಚ್ಚಿಕೊಂಡು ಕೇಳಿ. ಅಲ್ಲಿ ಕೆದರಿದ ಕೂದಲಿಲ್ಲ, ಮಿರುಗುವ ಉಡುಪಿಲ್ಲ, ಸಿಗರೇಟು ಕೊಳವೆಯೂ ಇಲ್ಲ. ಮಾತು ಎಲ್ಲಿ ನಿಂತಿತು, ಎಷ್ಟು ಹೊತ್ತು ಸುಮ್ಮನಿದ್ದರು, ಸಭೆಯ ನಗು ಪೂರ್ತಿ ಇಳಿಯುವ ಮೊದಲೇ ಮುಂದಿನ ಮಾತನ್ನು ಹೇಗೆ ಎತ್ತಿಕೊಂಡರು ಎಂಬುದನ್ನು ಮಾತ್ರ ಗಮನಿಸಿ, ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳುತ್ತಾ ಹೋಗಿ.